ಮರುದಿನವೂ ಹೋದ ಅಬೂಜರ್

ಇವತ್ತು ಬೆಳಿಗ್ಗೆ ಐದೂವರೆಗೆ ನಲ್ಲಿ ಬಂತು, ನಾಲ್ಕು ಕೊಡ, ಒಂದು ಡ್ರಮ್ಮು ತುಂಬಿಸಿದೆ. ಅಂಗಳ ಕಸ ಹೊಡೆದೆ. ಎರಡು ಸೇರು ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟು ಬಂದೆ. ಮೊಳಕಾಲಿಗೆ ಎಣ್ಣೆ ತಿಕ್ಕಿ ಬಿಸಿನೀರು ಹಾಕಿಕೊಂಡೆ. ಪುಂಡಿಪಲ್ಯ ಬಿಡಿಸಿ ತೊಳೆದಿಟ್ಟೆ. ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಂಜು ಗಟ್ಟಿಯಾಗಿತ್ತು, ಆರಿಸಿ ಬಾಗಿಲು ತೆಗೆದಿಟ್ಟು ಕರಗಲಿ ಅಂತ ಮುಂದೆ ಕೂತೆ. ಹನ್ನೊಂದಕ್ಕೆ ಕುರುಗೋಡು ಬಸ್ ಸ್ಟ್ಯಾಂಡಿಗೆ ಹೋಗಿ ಬಳ್ಳಾರಿ ಬಸ್ಸಿನಿಂದ ಸಕೀನಾ ಆಪಾ ಅವರನ್ನು ಇಳಿಸಿಕೊಂಡು ಬಂದೆ.

ಫ್ರಿಜ್ಜಿನ ಮುಂದೆ ಕೂತದ್ದು ನೋಡಿ ನಮ್ಮ ಮನೆಯವರು ನಕ್ಕರು. ಚಾಕು ತಗೊಂಡು ಎರಡೇಟು ಹಾಕಿದರೆ ಉದುರುವ ಮಂಜಿಗೆ ಎರಡು ತಾಸು ಯಾಕೆ ಕಾಯುತ್ತೀ ಅಂದರು. ಮಂಜಿನ ವಿಷಯದಲ್ಲಿ ನಾನು ಅವಸರ ಮಾಡುವುದಿಲ್ಲ. ಒಂದು ಸಲ ಮಾಡಿದ್ದೇನೆ. ಅದನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಇತ್ತು. ಇವತ್ತು ಆಪಾನೂ ಮನೆಯಲ್ಲಿದ್ದಾರೆ, ತಪ್ಪು ಬರೆದರೆ ತಿದ್ದುತ್ತಾರೆ.

ನಾನು ಹುಲಿಗೆಮ್ಮ. ಸಿರುಗುಪ್ಪ ತಾಲೂಕಿನ ಒಂದು ಆರೋಗ್ಯ ಕೇಂದ್ರದಲ್ಲಿ ಇಪ್ಪತ್ತೆಂಟು ವರ್ಷ ನರ್ಸಮ್ಮ ಆಗಿದ್ದೆ. ಊರಿನ ಹೆಸರು ಬೇಡ, ಅಲ್ಲಿ ಈಗ ಇರುವವರು ಯಾರೂ ಆಗ ಇರಲಿಲ್ಲ. ಮೊಳಕಾಲು ಹಿಡಿದ ಮೇಲೆ ಹೋದ ವರ್ಷ ನಾನಾಗಿಯೇ ನಿವೃತ್ತಿ ತಗೊಂಡೆ. ಈಗ ಕೆಲಸಕ್ಕೆ ಸೇರುವ ಹುಡುಗಿಯರು ನೀವು ಕೂಸಿನ ಲೆಕ್ಕವನ್ನೆಲ್ಲ ಮೊಬೈಲಿನಲ್ಲಿ ಒತ್ತುತ್ತೀರಿ. ನಾನು ಸೇರಿದಾಗ ಗಾಜಿನ ಸಿರಿಂಜು, ಅದನ್ನು ಕುಕ್ಕರಿನಲ್ಲಿಟ್ಟು ಸೀಟಿ ಹೊಡೆಸಬೇಕು. ಕರೂರು ಕಡೆಯ ಒಂದು ಹಳ್ಳಿಯಲ್ಲಿ ಸೀಟಿ ಕೇಳಿದ ಅಜ್ಜಿಯೊಬ್ಬಳು, ನರ್ಸಮ್ಮ ಬ್ಯಾಳಿ ಬೇಯಿಸಾಕ ಹತ್ಯಾಳ, ಉಂಡು ಹೋಗೂಣು ಅಂತ ಗಂಗಾಳ ಹಿಡಿದು ಬಂದು ಕೂತಿದ್ದಳು. ಸಿರಿಂಜು ಬದಲಾಯಿತು, ರಿಜಿಸ್ಟರು ಬದಲಾಯಿತು. ಲಸಿಕೆಯನ್ನು ತಂಪಾಗಿ ಒಯ್ಯುವ ಚಿಂತೆ ಮಾತ್ರ ಹಾಗೇ ಇದೆ. ತಂಪು ಕಡಿಮೆಯಾದರೆ ಕೆಡುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ತಂಪು ಹೆಚ್ಚಾಗಿ ಹೆಪ್ಪುಗಟ್ಟಿದರೂ ಕೆಲವು ಲಸಿಕೆ ಕೆಡುತ್ತವೆ ಅನ್ನುವುದನ್ನು ನಾವು ಓದಿರುತ್ತೇವೆ, ಕೈಗೆ ಹತ್ತಿರುವುದಿಲ್ಲ.

ನನಗೆ ಅದನ್ನು ಕಲಿಸಿದವರು ಆಪಾ. ನನ್ನ ಮೇಲಿನ ಹಿರಿಯ ಆರೋಗ್ಯ ಸಹಾಯಕಿ, ಲಸಿಕೆ ಕೋಣೆಯ ಕೀಲಿ ಅವರ ಸೊಂಟದಲ್ಲಿ. ಬಳ್ಳಾರಿಯ ಶಿಯಾ ಮನೆತನದವರು, ಕೆಲಸಕ್ಕಾಗಿ ಸಿರುಗುಪ್ಪದಲ್ಲಿ ಮನೆ ಮಾಡಿಕೊಂಡಿದ್ದರು. ಮೊಹರಂ ಬಂದರೆ ಬಿಳಿ ಕೋಟಿನ ಒಳಗೆ ಕಪ್ಪು ಸೀರೆ. ನಮ್ಮ ಕಡೆ ಪೀರಲ ದೇವರಿಗೆ ಸಕ್ಕರೆ ಓದಿಸುವುದು ನಮ್ಮ ಮನೆಯಲ್ಲೂ ಇತ್ತು, ಹಸನ್ ಹುಸೇನರ ಹೆಸರು ಗೊತ್ತಿತ್ತು. ಅಬೂಜರ್ ಅನ್ನುವ ಹೆಸರು ಮಾತ್ರ ನಾನು ಮೊದಲು ಕೇಳಿದ್ದು ಒಂದು ಮೊಸರಿನ ಡಬ್ಬಿಯ ದೆಸೆಯಿಂದ.

ಒಂದು ಬೇಸಿಗೆಯಲ್ಲಿ ಆಗಿನ ಡಾಕ್ಟರೊಬ್ಬರು ತಮ್ಮ ಮೊಸರಿನ ಡಬ್ಬಿಯನ್ನು ಲಸಿಕೆಯ ಫ್ರಿಜ್ಜಿನಲ್ಲಿ ಇಟ್ಟಿದ್ದರು. ಆಪಾ ಅದನ್ನು ತೆಗೆದು ಮೆಟ್ಟಿಲ ಮೇಲೆ ಬಿಸಿಲಿಗೆ ಇಟ್ಟರು. ಡಾಕ್ಟರು ಕೇಳಿದರೆ, ಇದರಾಗ ಮಕ್ಕಳ ಊಟ ಐತ್ರಿ, ದೊಡ್ಡೋರದ್ದು ಹೊರಗ ಅಂದರು. ಅವತ್ತು ಚಾ ಕುಡಿಯುವಾಗ ನನಗೆ ಹೇಳಿದ ಕಥೆ ಇದು. ಪ್ರವಾದಿಯವರ ದಂಡು ಬಿಸಿಲುಗಾಡಿನಲ್ಲಿ ಮುಂದೆ ಹೋಗಿತ್ತು. ಅಬೂಜರರ ಒಂಟೆ ಸೋತು ಹಿಂದೆ ಬಿತ್ತು. ಅವರು ಒಂಟೆ ಬಿಟ್ಟು, ಹೊರೆಯನ್ನು ಬೆನ್ನಿಗೆ ಹಾಕಿಕೊಂಡು ಒಬ್ಬರೇ ನಡೆದು ಬಂದರು. ಬಂದು ಮುಟ್ಟಿದಾಗ ಬಾಯಾರಿ ಬಳಲಿದ್ದರು, ಆದರೆ ಅವರ ಹತ್ತಿರವೇ ನೀರಿತ್ತು. ದಾರಿಯಲ್ಲಿ ಬಂಡೆಯ ಮೇಲೆ ನಿಂತ ಮಳೆನೀರು ಸಿಕ್ಕಿತಂತೆ. ನಾಲಿಗೆಗೆ ತಾಗಿಸಿದರೆ ತಂಪಾಗಿ ಸಿಹಿಯಾಗಿತ್ತಂತೆ. ಪ್ರವಾದಿಯವರು ಕುಡಿಯುವ ಮೊದಲು ನಾನು ಕುಡಿಯುವುದಿಲ್ಲ ಅಂತ ಹಾಗೇ ಹೊತ್ತು ತಂದಿದ್ದರು. ಆಪಾ ಕಥೆ ಮುಗಿಸಿ ಲಸಿಕೆ ಒಯ್ಯುವ ಕ್ಯಾರಿಯರನ್ನು ನನ್ನ ಹೆಗಲಿಗೆ ಹಾಕಿ, ಹೊತ್ತೋರಿಗೆ ಅಲ್ಲ ಇದು, ಮುಟ್ಟೋರಿಗೆ ಅಂದರು.

ಆಮೇಲೆ ವರ್ಷಕ್ಕೆ ನಾಲ್ಕಾರು ಸಲ ಅವರ ಹೆಸರು ಬರುತ್ತಿತ್ತು. ಪ್ರವಾದಿಯವರ ಸಂಗಡಿಗರಲ್ಲಿ ಕೊನೆಯತನಕ ಅವರ ಅಳಿಯ ಮೌಲಾ ಅಲಿಯವರ ಕೈ ಬಿಡದ ನಾಲ್ವರು ಅಂತ ಶಿಯಾ ಜನ ಸಲ್ಮಾನ್, ಅಬೂಜರ್, ಮಿಕ್ದಾದ್, ಅಮ್ಮಾರ್ ಅವರನ್ನು ಎಣಿಸುತ್ತಾರೆ. ಅವರಲ್ಲಿ ಅಬೂಜರರ ದೊಡ್ಡಗುಣ ಖರೇ ನುಡಿ. ಮೊದಲ ದಿನಗಳಲ್ಲಿ, ಸದ್ಯಕ್ಕೆ ಇದನ್ನು ಗುಟ್ಟಾಗಿಡು ಅಂತ ಪ್ರವಾದಿಯವರೇ ಹೇಳಿದ್ದರೂ ಕಾಬಾದ ಹತ್ತಿರ ನಿಂತು ತಮ್ಮ ನಂಬಿಕೆಯನ್ನು ಕೂಗಿ ಹೇಳಿದರಂತೆ. ಜನ ಮೈಮೇಲೆ ಬಿದ್ದು ಹೊಡೆದರು. ಮರುದಿನ ಮತ್ತೆ ಅದೇ ಜಾಗಕ್ಕೆ ಹೋಗಿ ಅದನ್ನೇ ಕೂಗಿದರು, ಮತ್ತೆ ಹೊಡೆತ. ಮೊದಲ ದಿನದ್ದು ತಿಳೀತು, ಮರುದಿನ ಯಾಕ ಹೋದ್ರು ಅಂತ ಕೇಳಿದ್ದೆ.

"ಮೊದಲ ದಿನ ಸಿಟ್ಟಿನಾಗ ಯಾರು ಕೇಳಿಸ್ಕೋತಾರ ಹುಲಿಗೀ? ಎರಡನೇ ದಿನ ಕೇಳಿಸ್ಕೋತಾರ" ಅಂದಿದ್ದರು ಆಪಾ.

ಇನ್ನೊಂದು ಕಥೆಯನ್ನು ಒಂದೇ ಸಲ ಹೇಳಿದರು. ಸಿರಿವಂತರ ಮುಖದ ಮೇಲೆ ಖರೇ ಮಾತಾಡಿದ್ದಕ್ಕೆ ಮುಪ್ಪಿನಲ್ಲಿ ಅಬೂಜರರನ್ನು ಊರುಬಿಡಿಸಿ ರಬಜಾ ಅನ್ನುವ ಮರಳುಗಾಡಿಗೆ ಅಟ್ಟಿದರು. ಯಾರೂ ಕಳಿಸಲು ಹೋಗಬಾರದು ಅಂತ ಅಪ್ಪಣೆ ಇತ್ತು. ಆದರೂ ಅಲಿಯವರು ಮಕ್ಕಳನ್ನು ಕರೆದುಕೊಂಡು ಊರ ಹೊರಗಿನತನಕ ಹೋಗಿ ಕಳಿಸಿ ಬಂದರು. ಹೇಳುತ್ತ ಆಪಾ ಕಣ್ಣು ಒರೆಸಿಕೊಂಡರು, ಚಾ ಆರಿ ಹೋಯಿತು.

ಈಗ ನನ್ನ ತಪ್ಪು.

ಎಂಟು ವರ್ಷದ ಹಿಂದೆ, ನಾಟಿಯ ಕಾಲ. ಕಾಲುವೆ ದಂಡೆಯ ಒಂದು ಕ್ಯಾಂಪಿಗೆ ನಾಟಿಗೆ ಬಂದ ಗುಂಪುಗಳು ಗುಡಿಸಲು ಹಾಕಿದ್ದವು, ಕೆಲವು ಹೊಳೆಯಾಚೆಯವು, ಕೆಲವು ಆಂಧ್ರದ ಕಡೆಯವು. ಲಸಿಕೆಯ ದಿನ ಗುರುವಾರ. ನಾನು ಒಂಬತ್ತಕ್ಕೆ ಹೋದರೆ ತಾಯಂದಿರು ಗದ್ದೆಯಲ್ಲಿ. ಕ್ಯಾಂಪಿನಲ್ಲಿ ಮಾರೆಕ್ಕ ಅಂತ ಒಬ್ಬಾಕೆ, ಗುಂಪಿನ ಹೆಂಗಸರಿಗೆ ಅವಳ ಮಾತೇ ಮಾತು. ನನ್ನ ಕಂಡು ಕಂಡು ಬೇಸತ್ತು, ಟ್ರ್ಯಾಕ್ಟರ್ ಏಳಕ್ಕ ಬರ್ತೈತಿ, ಆರೂವರಿಗೆ ನೀ ಬಂದ್ರ ಒಂಬತ್ತು ಕೂಸಿನೂ ಸಾಲಾಗಿ ಕೂಡಸ್ತೀನಿ, ಇಲ್ಲಂದ್ರ ಬರಬ್ಯಾಡ ಅಂದಳು. ಆಗಷ್ಟೇ ಹೊಳೆಯಾಚೆ ಒಂದು ಕೂಸಿಗೆ ಗಂಟಲುಮಾರಿ ಅಂತ ಸುದ್ದಿ ಬಂದಿತ್ತು. ಬರ್ತೀನಿ ಅಂತ ಮಾತು ಕೊಟ್ಟೆ.

ಕ್ಯಾರಿಯರ್ ತುಂಬಬೇಕಾದವರು ಆಪಾ. ಅಷ್ಟು ಮುಂಚೆ ಸಿರುಗುಪ್ಪದಿಂದ ಬಸ್ಸಿಲ್ಲ. ಬುಧವಾರ ಸಂಜೆ ಕೀಲಿ ನನಗೆ ಕೊಟ್ಟರು, ರಿಜಿಸ್ಟರಿನಲ್ಲಿ ಮರುದಿನದ ಕಾಲಮ್ಮಿಗೆ ಎಲ್ಲ ಸರಿಯಾಗಿ ನೋಡಿ ತುಂಬಲಾಗಿದೆ ಅಂತ ಮೊದಲೇ ಸಹಿ ಹಾಕಿದರು. ಐಸ್ ಪ್ಯಾಕನ್ನು ನಾಲ್ಕೂವರೆಗೇ ಹೊರಗೆ ಇಡು, ಅಲುಗಾಡಿಸಿದರೆ ಒಳಗೆ ನೀರಿನ ಸದ್ದು ಬರಬೇಕು, ಅಲ್ಲಿತನಕ ಕ್ಯಾರಿಯರಿಗೆ ಹಾಕಬೇಡ ಅಂತ ಮೂರು ಸಲ ಹೇಳಿದರು. ನನಗೆ ಎಚ್ಚರವಾದದ್ದು ಐದೂಮುಕ್ಕಾಲಿಗೆ. ಡೀಪ್ ಫ್ರೀಜರಿನಿಂದ ಕಲ್ಲಿನಂಥ ಪ್ಯಾಕು ತೆಗೆದು, ಸೆರಗಿನಿಂದ ಒರೆಸಿ, ಹಾಗೇ ಹಾಕಿಕೊಂಡು ಓಡಿದೆ.

ಮಾರೆಕ್ಕ ಮಾತು ಉಳಿಸಿಕೊಂಡಿದ್ದಳು, ಒಂಬತ್ತೂ ಕೂಸು ಸಾಲಾಗಿ. ಗಂಟಲುಮಾರಿ ಸೇರಿ ಐದು ರೋಗ ತಡೆಯುವ ಪೆಂಟಾ ಬಾಟಲಿ ತೆಗೆದೆ. ಅದು ಐಸ್ ಪ್ಯಾಕಿಗೆ ಅಂಟಿಕೊಂಡಿತ್ತು. ಬೆಳಕಿಗೆ ಹಿಡಿದರೆ ಒಳಗೆ ಸೂಜಿಯಂಥ ಎರಡು ಹರಳು. ಅಂಗೈಯಲ್ಲಿ ಮುಚ್ಚಿ ಹಿಡಿದೆ, ಕರಗಿತು. ಟ್ರ್ಯಾಕ್ಟರಿನವನು ಹಾರನ್ ಹೊಡೆಯುತ್ತಿದ್ದ. ತಂಪು ಜಾಸ್ತಿ ಆಗಿರಬೇಕು ಅಷ್ಟೇ ಅಂತ ನನಗೆ ನಾನೇ ಹೇಳಿಕೊಂಡೆ. ಒಂಬತ್ತು ಕೂಸಿಗೂ ಹಾಕಿದೆ, ಕಾರ್ಡಿನಲ್ಲಿ ಬರೆದೆ. ಗೊತ್ತಿಲ್ಲದೆ ಆಯಿತು ಅಂತ ನಾನು ಯಾವತ್ತೂ ಹೇಳುವ ಹಾಗಿಲ್ಲ. ಆ ಹರಳನ್ನು ನಾನು ನೋಡಿದ್ದೆ.

ವಾಪಸು ಬರುವಾಗ ಕಾಲುವೆ ದಂಡೆಯ ಮೇಲೆ ಕೂತು ಬಾಟಲಿ ತೆಗೆದೆ. ಹತ್ತು ಕೂಸಿನ ಬಾಟಲಿ, ಒಂದು ಕೂಸಿನದು ಉಳಿದಿತ್ತು. ಅಲುಗಾಡಿಸಿ ಹಿಡಿದರೆ ಬಿಳಿ ಮಡ್ಡಿ ತಳಕ್ಕೆ ಇಳಿಯುತ್ತ ಬಂತು. ಮುಂದೆ ಕಾಲುವೆ ತುಂಬಿ ಹರಿಯುತ್ತಿತ್ತು. ಎಸೆದು, ಕೈಜಾರಿ ಒಡೆಯಿತು ಅಂತ ಬರೆದರೆ ಕೇಳುವವರಿಲ್ಲ. ಎಷ್ಟು ಹೊತ್ತು ಕೂತಿದ್ದೆನೋ. ಎಸೆಯಲಿಲ್ಲ. ಧೈರ್ಯದಿಂದ ಅಲ್ಲ, ಆ ಒಂಬತ್ತರಲ್ಲಿ ಒಂದಕ್ಕೆ ಗಂಟಲುಮಾರಿ ಬಂದರೆ ಅನ್ನುವ ಹೆದರಿಕೆಯಿಂದ.

ಬಾಟಲಿಯನ್ನು ಆಪಾ ಮುಂದೆ ಇಟ್ಟು ನಡೆದದ್ದನ್ನು ಹೇಳಿದೆ. ಆಪಾ ಬೈಯಲಿಲ್ಲ. ಅದೇ ಬ್ಯಾಚಿನ ಇನ್ನೊಂದು ಬಾಟಲಿಯನ್ನು ಬೇಕಂತಲೇ ಡೀಪ್ ಫ್ರೀಜರಿನಲ್ಲಿಟ್ಟರು. ಶುಕ್ರವಾರ ಬೆಳಿಗ್ಗೆ ಅದನ್ನು ಕರಗಿಸಿ, ನನ್ನ ಬಾಟಲಿಯ ಜೊತೆ ಕೈಯಲ್ಲಿ ಹಿಡಿದು ಗಟ್ಟಿಯಾಗಿ ಅಲುಗಾಡಿಸಿ ಮೇಜಿನ ಮೇಲೆ ಇಟ್ಟರು. ಇಬ್ಬರೂ ಬಾಟಲಿ ನೋಡುತ್ತ ಕೂತೆವು. ಎರಡರಲ್ಲೂ ಮಡ್ಡಿ ಒಂದೇ ಸಮನೆ ಕೆಳಗಿಳಿಯಿತು, ಅಂದರೆ ನನ್ನದೂ ಹೆಪ್ಪುಗಟ್ಟಿ ಕೆಟ್ಟದ್ದೇ. ಆಪಾ ರಿಜಿಸ್ಟರು ತೆಗೆದು ತಮ್ಮ ಸಹಿಯನ್ನೇ ನೋಡಿದರು.

ಅವತ್ತೇ ಡಾಕ್ಟರಿಗೆ ತಿಳಿಸಿದೆವು. ಮೊಸರಿನ ಡಬ್ಬಿಯವರಲ್ಲ, ಅವರ ನಂತರ ಬಂದ ಚಿಕ್ಕ ವಯಸ್ಸಿನವರು, ಕೆಟ್ಟವರಲ್ಲ, ಅಂಜಿದರು. ಕೂಸುಗಳಿಗೆ ಅಪಾಯವೇನೂ ಇಲ್ಲ, ಲಸಿಕೆಯ ಬಲ ಹೋಗಿರುತ್ತದೆ ಅಷ್ಟೇ, ನಾಲ್ಕು ವಾರ ಬಿಟ್ಟು ಮತ್ತೆ ಹಾಕಿದರಾಯಿತು ಅಂದರು. ಕಾರಣ ಮಾತ್ರ ಹೇಳಬೇಡಿ, ಸುದ್ದಿ ಎದ್ದರೆ ನಾಳೆಯಿಂದ ಒಬ್ಬ ತಾಯಿಯೂ ಬರುವುದಿಲ್ಲ ಅಂದರು. ನಾಟಿ ಮುಗಿದರೆ ಅವರು ಇಲ್ಲಿರಂಗಿಲ್ಲ ಸಾರ್, ಕಡೀ ಸೂಜಿ, ಮೂರನೇದು ಆದ ಕೂಸುಗಳೂ ಅದಾವು, ಎಲ್ಲಾ ಮುಗೀತು ಅಂತ ಕಾರ್ಡು ಹಿಡಕೊಂಡು ಹೋಗಿಬಿಡ್ತಾರ ಅಂತ ಆಪಾ ಅಂದರು. ನೋಡೋಣ ಅಂದರು ಡಾಕ್ಟರು. ಆಪಾಗೆ ನಿವೃತ್ತಿಗೆ ಎರಡು ತಿಂಗಳು ಉಳಿದಿತ್ತು. ಅವರು ನೆಲ ನೋಡಿ, ಹ್ಞೂ ಸಾರ್ ಅಂದರು. ಇದನ್ನೂ ಬರೆಯಬೇಕು: ನನಗೆ ಅವತ್ತು ಸಂತೋಷವಾಯಿತು.

ಶನಿವಾರ ಆಪಾ ಚಾ ಕುಡಿಯಲಿಲ್ಲ. ಒಂದೇ ಕೋಣೆಯಲ್ಲಿ ಕೂತು ಇಬ್ಬರೂ ಇಡೀ ದಿನ ಫೈಲು ನೋಡಿದೆವು.

ಭಾನುವಾರ ನಾಲ್ಕು ಗಂಟೆ ಹೊತ್ತಿಗೆ ನನ್ನ ಕ್ವಾರ್ಟರ್ಸಿನ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಒಂದು ಕೆಂಪು ಪೆನ್ನು.

"ನಡಿ, ಕ್ಯಾಂಪಿಗೆ ಹೋಗಿ ಹೇಳಿ ಬರೋಣು."

"ಮೊನ್ನೆ ಹ್ಞೂ ಅಂದೋರು ನೀವೇ ಅಲ್ಲೇನ್ರಿ ಆಪಾ?"

"ನಾನೇ. ಅದೇ ಬಾಯಿಲೇ ಇಷ್ಟು ವರ್ಷ ನಿನ್ನ ಮುಂದ ಅಬೂಜರ್ ಹೆಸರು ಹೇಳೀನಿ. ನಿನ್ನೆ ನಮಾಜ್ ಮುಗಿಸಿ ಆ ಹೆಸರು ತಗೊಳ್ಳಾಕ ಹೋದೆ. ಬಾಯಿ ಬರಲಿಲ್ಲ ಹುಲಿಗೀ."

ನನಗೆ ಸಿಟ್ಟು ಬಂತು. ನಿಮಗ ಎರಡು ತಿಂಗಳಿಗೆ ಮುಗೀತೈತಿ, ನನಗ ಇನ್ನ ಹದಿನೈದು ವರ್ಷ ಐತಿ, ನಿಮ್ಮ ಅಬೂಜರರಿಗೆ ನನ್ನ ಯಾಕ ಜಗ್ಗುತೀರಿ ಅಂದೆ. ಅಷ್ಟು ವರ್ಷದಲ್ಲಿ ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು.

"ನಿನ್ನ ಹೆಸರು ಬರಂಗಿಲ್ಲ ಬಿಡು. ಐಸ್ ಇಟ್ಟಾಕಿ ನಾನ ಅಂತ ಹೇಳ್ತೀನಿ."

"ಅದೂ ಸುಳ್ಳ ಆಗ್ತೈತಲ್ರಿ."

ಆಪಾ ನನ್ನ ಮುಖ ನೋಡಿದರು. "ಹೌದಲ್ಲ" ಅಂದರು, ಲೆಕ್ಕ ತಪ್ಪಿದವರ ಹಾಗೆ. ನಾನು ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದೆ.

ಕಾಲುವೆ ದಂಡೆ ಮೂರು ಕಿಲೋಮೀಟರು, ಕೆಸರು. ಆಪಾ ಆಗಲೇ ಮೊಳಕಾಲು ನೋವಿನವರು, ನಾಲ್ಕು ಕಡೆ ನಿಂತು ನಿಂತು ನಡೆದರು. ಹೆಂಗಸರು ಆಗಷ್ಟೇ ಗದ್ದೆಯಿಂದ ಬಂದು ಕಾಲು ತೊಳೆಯುತ್ತಿದ್ದರು. ಆಪಾ ಕನ್ನಡದಲ್ಲೂ ಅರೆಬರೆ ತೆಲುಗಿನಲ್ಲೂ ಹೇಳಿದರು: ಗುರುವಾರ ಹಾಕಿದ ಸೂಜಿಯಲ್ಲಿ ಬಲ ಇರಲಿಲ್ಲ, ಕೂಸಿಗೆ ತೊಂದರೆ ಇಲ್ಲ, ಆದರೆ ಮತ್ತೆ ಹಾಕಿಸಲೇಬೇಕು, ನೋಡದೆ ಸಹಿ ಮಾಡಿದವಳು ನಾನು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಐಸ್ ಇಟ್ಟಾಕಿ ನಾನು, ಕೆಟ್ಟದ್ದು ಕಂಡೂ ಹಾಕಿದಾಕಿ ನಾನು ಅಂದೆ.

ಮಾರೆಕ್ಕ ತನ್ನ ಕೂಸನ್ನು ಕಂಕುಳಿಗೆ ಏರಿಸಿಕೊಂಡು ಹತ್ತಿರ ಬಂದಳು.

"ಗುರುವಾರ ಜ್ವರ ಬಂದು ಒಂಬತ್ತೂ ಕೂಸು ಅತ್ತಾವು. ಪುಗಸಟ್ಟೆ ಅಳಿಸಿದಿರೇನು ನರ್ಸಮ್ಮ? ನಿನ್ನ ನಂಬಿ ಇವರನ್ನೆಲ್ಲ ಕೂಡಿಸಿದಾಕಿ ನಾನು. ಈಗ ಇವರಿಗೆ ಯಾವ ಮುಖ ತೋರಸ್ಲಿ?"

ಹಿಂದಿನಿಂದ ಯಾರೋ ಒಂದು ಕಾರ್ಡು ನಮ್ಮ ಕಾಲಿಗೆ ಎಸೆದರು. ಮುದುಕಿಯೊಬ್ಬಳು ತೆಲುಗಿನಲ್ಲಿ ಬೈದಳು, ಗಂಡಸರು ಎದ್ದು ನಿಂತರು. ಕಾರ್ಡುಗಳನ್ನಾದರೂ ಕೊಡಿ, ತಿದ್ದಿ ಕೊಡುತ್ತೇವೆ ಅಂತ ಆಪಾ ಬೇಡಿಕೊಂಡರು. ಯಾರೂ ಕೊಡಲಿಲ್ಲ. ಎಣಿಸಿದರೆ ಎಂಟೇ ತಾಯಂದಿರು. ಒಂಬತ್ತನೆಯವಳು, ಅಂಜಿನಮ್ಮ, ಎಲ್ಲಿ ಅಂತ ಕೇಳಿದೆ.

"ಅವರ ಗುಂಪು ನಿನ್ನೆ ಸಂಜಿ ಗಾಡಿ ಹತ್ತಿತು. ಎಲ್ಲಿಗೆ ಅಂತ ಯಾರಿಗೊತ್ತು? ಮೊನ್ನೆ ಬಂದಿದ್ರ ಸಿಗ್ತಿದ್ಲು" ಅಂದಳು ಮಾರೆಕ್ಕ.

ಮೊನ್ನೆ ಅಂದರೆ ಶುಕ್ರವಾರ. ಶುಕ್ರವಾರ ನಾವು ಹ್ಞೂ ಸಾರ್ ಅಂದು ಕೂತಿದ್ದೆವು. ಅಂಜಿನಮ್ಮನ ಕೂಸಿಗೆ ಮೂರನೆಯ ಸೂಜಿ ಅದು. ಮುಗಿಯಿತು ಅಂತ ನಾನೇ ಕಾರ್ಡಿನಲ್ಲಿ ಬರೆದು ಕೊಟ್ಟಿದ್ದೆ.

ದಂಡೆಗೆ ಹತ್ತುವಾಗ ಆಪಾ ಸೀರೆಯ ಕೆಸರು ಹಿಂಡುತ್ತ, ನಾಳೆ ಮತ್ತ ಬರೋಣು ಅಂದರು. ಯಾಕೆ ಅಂತ ಈ ಸಲ ನಾನು ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಡಾಕ್ಟರಿಗೆ ಸುದ್ದಿ ಮುಟ್ಟಿತ್ತು. ಕೂಗಾಡಿದರು. ಮತ್ತೆ ಹೋದರೆ ನಿಮ್ಮ ಜವಾಬ್ದಾರಿ, ಮೇಲಕ್ಕೆ ಬರೆಯುತ್ತೇನೆ ಅಂದರು. ಬರೀರಿ ಸಾರ್, ನಾವೂ ಬರದು ಕೊಡ್ತೀವಿ ಅಂತ ಆಪಾ ಎರಡು ಹಾಳೆ ಮೇಜಿನ ಮೇಲೆ ಇಟ್ಟರು, ಒಂದು ಅವರದು, ಒಂದು ನನ್ನದು. ಸಂಜೆ ಮತ್ತೆ ಅದೇ ದಂಡೆ, ಅದೇ ಕೆಸರು. ಹೊಡೆದರೆ ಏನು ಮಾಡೋದು ಅಂದೆ. ಹೊಡದ್ರ ನಾಡಿದ್ದು ಬರೋಣು ಅಂದರು. ನಗೆಚಾಟಿಕೆಯೋ ಖರೆಯೋ ತಿಳಿಯಲಿಲ್ಲ.

ಮಾರೆಕ್ಕ ಗುಡಿಸಲ ಮುಂದೆ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು ಕೂತಿದ್ದಳು. ಚೀಲದಲ್ಲಿ ಎಂಟು ಕಾರ್ಡು.

"ನಿನ್ನೆ ಅಷ್ಟು ಬೈಸ್ಕೊಂಡು ಹೋದೋರು ಇವತ್ತ ಮತ್ತ ಬಂದ್ರಂದ್ರ ಖರೇನ ಇರಬೇಕು ಅಂತ ಹೇಳೀನಿ ಎಲ್ಲರಿಗೂ. ಏನು ಗೀಚೂದೈತೋ ಗೀಚ್ರಿ." ಆಮೇಲೆ ನನ್ನ ಕಡೆ ಬೆರಳು ತೋರಿಸಿದಳು. "ಆದ್ರ ಸೂಜಿ ಆ ದೊಡ್ಡಾಕಿ ಹಾಕ್ಬೇಕು. ನೀ ಬ್ಯಾಡ."

ಆಪಾ ಅಲ್ಲೇ ನೆಲದ ಮೇಲೆ ಕೂತು ಎಂಟು ಕಾರ್ಡಿನಲ್ಲೂ ಗುರುವಾರದ ಸಾಲಿಗೆ ಕೆಂಪು ಗೀಟು ಎಳೆದರು, ಮತ್ತೆ ಹಾಕಬೇಕು ಅಂತ ಬರೆದು ಸಹಿ ಮಾಡಿದರು. ಅದರ ಕೆಳಗೆ ನಾನೂ ಮಾಡಿದೆ.

ನಾಲ್ಕನೆಯ ವಾರ ಬರುವಷ್ಟರಲ್ಲಿ ಎರಡು ಮನೆಯವರು ಗಡಿಯ ರಾರಾವಿ ದಾಟಿ ಆಚೆ ಹೋಗಿದ್ದರು. ಅಲ್ಲಿಯ ನರ್ಸಮ್ಮನೊಬ್ಬಳು ಕಾರ್ಡಿನ ಕೆಂಪು ಗೀಟು ನೋಡಿ ನನಗೇ ಫೋನು ಮಾಡಿ ಕೇಳಿ, ಹಾಕಿದಳು. ಉಳಿದ ಆರು ಕೂಸಿಗೆ ಆಪಾ ಹಾಕಿದರು. ಅವತ್ತು ನಾನು ನಾಲ್ಕಕ್ಕೆ ಎದ್ದು ಐಸ್ ಪ್ಯಾಕು ಹೊರಗಿಟ್ಟು, ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ನೀರಿನ ಸದ್ದಿಗೆ ಕಾದೆ. ಅಂಜಿನಮ್ಮನಿಗಾಗಿ ಬಳ್ಳಾರಿ, ರಾಯಚೂರು, ಆದೋನಿ ಕಡೆಯ ಗೊತ್ತಿದ್ದವರಿಗೆಲ್ಲ ಫೋನು ಮಾಡಿದೆವು. ಅವಳ ಊರು ರಿಜಿಸ್ಟರಿನಲ್ಲಿ ಇರಲಿಲ್ಲ, ಕ್ಯಾಂಪು ಅಂತ ಮಾತ್ರ ಬರೆದಿದ್ದೆ. ಇದು ನನ್ನ ಇನ್ನೊಂದು ತಪ್ಪು.

ನೋಟಿಸು ಬಂತು. ನನ್ನ ಸರ್ವಿಸ್ ಪುಸ್ತಕದಲ್ಲಿ ಒಂದು ಕಪ್ಪು ಟಿಪ್ಪಣಿ ಉಳಿಯಿತು. ಆಪಾ ಅವರನ್ನು ಕೊನೆಯ ಮೂರು ವಾರಕ್ಕೆ ಬಳ್ಳಾರಿಯ ಕಚೇರಿಗೆ ಹಾಕಿದರು. ಬೀಳ್ಕೊಡುಗೆ ಇಲ್ಲ, ಕೆಲಸದ ಹೊತ್ತಿನಲ್ಲಿ ಯಾರೂ ಎದ್ದು ಹೋಗಬಾರದು ಅಂತ ಡಾಕ್ಟರು ಹೇಳಿದರು. ನಾನು ಖಾಲಿ ಕ್ಯಾರಿಯರ್ ಹೆಗಲಿಗೆ ಹಾಕಿಕೊಂಡು, ಕೆಲಸಕ್ಕೆ ಹೊರಟವಳ ಹಾಗೆ ಬಸ್ ಸ್ಟಾಪಿಗೆ ಹೋದೆ. ಆಪಾ ಬೇವಿನ ಮರದ ಕೆಳಗೆ ಒಂದು ಚೀಲ ಇಟ್ಟುಕೊಂಡು ಒಬ್ಬರೇ ನಿಂತಿದ್ದರು. ಹತ್ತಿರದಲ್ಲಿ ಮಾರೆಕ್ಕ, ಕಂಕುಳಲ್ಲಿ ಕೂಸು. ಕಳಿಸಾಕ ಬಂದೀಯೇನು ಮಾರೆಕ್ಕ ಅಂತ ಕೇಳಿದೆ.

"ಕಳಿಸಾಕ ಯಾರ್ ಬಂದಾರ? ಕಾರ್ಡಿಗೆ ಸಹಿ ಬಿಟ್ಟಿತ್ತು, ಅದಕ್ಕ ಬಂದೆ" ಅಂದಳು. ಕಾರ್ಡು ನೋಡಿದೆ. ಎಲ್ಲ ಸಹಿಯೂ ಇತ್ತು. ಆಪಾ ಪೆನ್ನು ತೆಗೆದು ಇನ್ನೊಂದು ಸಲ ಸಹಿ ಮಾಡಿಕೊಟ್ಟರು. ಬಸ್ಸು ತಿರುವು ದಾಟುವತನಕ ಮಾರೆಕ್ಕ ನಿಂತಿದ್ದಳು.

ಕೆಲಸಕ್ಕೆ ಸೇರುವ ನಿಮಗೆ ಹೇಳಬೇಕಾದದ್ದು ಇಷ್ಟೇ. ತಪ್ಪು ನಿಮ್ಮಿಂದಲೂ ಆಗುತ್ತದೆ. ಆದ ದಿನವೇ ಹೋಗಿ ಹೇಳಿ. ಬೈದು ಕಳಿಸಿದರೆ ಮರುದಿನ ಮತ್ತೆ ಹೋಗಿ. ನಾವು ಮರುದಿನ ಹೋದೆವು, ಎಂಟು ಕೂಸು ಸಿಕ್ಕವು. ಆದ ದಿನ ಹೋಗಲಿಲ್ಲ, ಒಂದು ಸಿಗಲಿಲ್ಲ.

ಬರೆದದ್ದನ್ನು ಸಂಜೆ ಆಪಾಗೆ ಓದಿ ತೋರಿಸಿದೆ. ಒಂದೇ ಕಡೆ ತಿದ್ದಿದರು: ಹ್ಞೂ ಅಂದಾಗ ನಾನು ನೆಲ ನೋಡಲಿಲ್ಲ, ಡಾಕ್ಟರ ಮುಖ ನೋಡಿಯೇ ಅಂದೆ, ಹಂಗ ಬರಿ ಅಂದರು. ಮೇಲೆ ಹಾಗೇ ಬಿಟ್ಟಿದ್ದೇನೆ, ಇಲ್ಲಿ ಅವರ ತಿದ್ದುಪಡಿ ಬರೆದಿದ್ದೇನೆ.

ಏಳೂವರೆಗೆ ಊಟಕ್ಕೆ ಕೂತೆವು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಮೊಸರು. ಆಪಾ ಎರಡು ರೊಟ್ಟಿ ಉಂಡರು, ಮೂರನೆಯದನ್ನು ಅರ್ಧ ಮುರಿದು ನನ್ನ ಗಂಗಾಳಕ್ಕೆ ಹಾಕಿದರು. ಕೈ ತೊಳೆದು ಬಂದು ಪ್ರತಿಸಲ ಕೇಳುವುದನ್ನೇ ಕೇಳಿದರು, ಅಂಜಿನಮ್ಮನ ಕೂಸಿನ ಸುದ್ದಿ ಏನಾರ ಬಂತೇನು? ಇಲ್ರಿ ಆಪಾ ಅಂದೆ. ಕಾರ್ಡು ಬರೆಯುವಾಗ ಅದಕ್ಕಿನ್ನೂ ಹೆಸರಿಟ್ಟಿರಲಿಲ್ಲ, ಅಂಜಿನಮ್ಮನ ಕೂಸು ಅಂತಲೇ ಬರೆದಿದ್ದೆ. ಈಗ ಎಂಟು ವರ್ಷದ್ದು, ಸಾಲಿಗೆ ಹೋಗುತ್ತಿರಬೇಕು. ಏನು ಹೆಸರಿಟ್ಟರೋ.

ನಮ್ಮ ಮನೆಯವರು ಟಿವಿ ಮುಂದೆಯೇ ಮೊದಲು ನಿದ್ದೆ ಹೋದರು. ಆಪಾ ಗೋಡೆಯ ಕಡೆ ತಿರುಗಿ, ಅಬೂಜರರ ಹೆಸರು ತಗೊಂಡು ಏನೋ ಮೆಲ್ಲಗೆ ಹೇಳಿಕೊಂಡು, ಆಮೇಲೆ ಮಲಗಿದರು. ನಾನು ಫ್ರಿಜ್ಜಿನ ಬಾಗಿಲು ಸರಿಯಾಗಿ ಹತ್ತಿದೆಯೋ ನೋಡಿ ಬಂದು ಮಲಗಿದೆ.